ಪ್ಯಾಪ್ ಸ್ಮಿಯರ್, ಒಳಗಿನ ಸ್ಕ್ಯಾನ್: ಗುಂಪಿನಲ್ಲಿ ಡಾಕ್ಟರನ್ನು ಕೇಳಿ (ಕೇಳುವವರ ಹೆಸರಿನ ಬದಲು ಊರು)

ಹಾಸನ: ಮೇಡಂ, ಮುಂದಿನ ವಾರ ಪ್ಯಾಪ್ ಸ್ಮಿಯರ್ ಇದೆ. ಏನು ತಯಾರಿ ಬೇಕು? ತುಂಬ ನೋವಾಗುತ್ತಾ?

ಡಾಕ್ಟರ್: ಪ್ಯಾಪ್ ಅಂದರೆ ಗರ್ಭಕೋಶದ ಬಾಯಿಯಿಂದ ಜೀವಕೋಶ ತೆಗೆದು ಕ್ಯಾನ್ಸರ್ ಸುಳಿವು ನೋಡುವ ಪರೀಕ್ಷೆ. ಆ ತಿಂಗಳ ಮುಟ್ಟಿನ ರಕ್ತ ಪೂರ್ತಿ ನಿಂತ ಮೇಲೆ ಹೋಗಿ. ಹಿಂದಿನ ಎರಡು ದಿನ ಲೈಂಗಿಕ ಸಂಪರ್ಕ ಬೇಡ, ಒಳಗೆ ಇಡುವ ಮಾತ್ರೆ, ಕ್ರೀಮ್ ಬೇಡ. ಒಳಗೆ ನೀರು ಹಾಕಿ ತೊಳೆಯಬೇಡಿ. ಉಪವಾಸ ಬೇಕಿಲ್ಲ. ಒಳಗೆ ಅಗಲಿಸಿ ನೋಡುವ ಸಾಧನ, ಸ್ಪೆಕ್ಯುಲಮ್, ಇಟ್ಟಾಗ ತಣ್ಣಗೆ, ಬಿಗಿಯಾಗಿ ಅನ್ನಿಸುತ್ತದೆ. ಬ್ರಷ್ ತಿರುಗಿಸಿ ತೆಗೆಯುವುದು ಕೆಲವೇ ಸೆಕೆಂಡ್. ನೋವಾದರೆ ನಿಲ್ಲಿಸಿ ಅನ್ನಿ, ನಿಲ್ಲಿಸಲೇಬೇಕು.

ತುಮಕೂರು: ಸ್ಕ್ಯಾನ್‌ಗೆ ನೀರು ಕುಡಿದು ಹೋಗ್ಬೇಕಾ?

ಡಾಕ್ಟರ್: ಹೊಟ್ಟೆ ಮೇಲಿನದಕ್ಕೆ ಮೂತ್ರಚೀಲ ತುಂಬಿರಬೇಕು. ಒಳಗಿನದಕ್ಕೆ, ಅಂದರೆ ಯೋನಿಯೊಳಗೆ ಕಡ್ಡಿಯಂಥ ಸಾಧನ ಇಟ್ಟು ನೋಡುವುದಕ್ಕೆ, ಖಾಲಿ.

ಶಿರಸಿ: ಅಮ್ಮನಿಗೆ 58. ಮುಟ್ಟು ನಿಂತು ಆರು ವರ್ಷ. ಹೋದ ತಿಂಗಳು ಎರಡು ದಿನ ಸೀರೆಗೆ ಕಲೆಯಾಯ್ತು. ಈಗಿಲ್ಲ. ಉಷ್ಣಕ್ಕೆ ಅಂತಾರೆ. ಪ್ಯಾಪ್ ಮಾಡಿಸಿದರೆ ಸಾಕಾ?

ಡಾಕ್ಟರ್: ಸಾಲದು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ಕಂಡರೂ ತೋರಿಸಬೇಕು. ತಾನಾಗೇ ನಿಂತಿತು ಅಂತ ಬಿಡಬೇಡಿ. ಹೆಚ್ಚಿನವರಿಗೆ ಕಾರಣ ಯೋನಿಯ, ಗರ್ಭಕೋಶದ ಪದರ ಒಣಗಿ ತೆಳುವಾಗಿರುವುದು, ಇಲ್ಲವೇ ಪಾಲಿಪ್ ಅನ್ನುವ ಸಣ್ಣ ಗಡ್ಡೆ. ಆದರೆ ಕೆಲವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್‌ಗೆ ಮೊದಲ ಗುರುತು ಇದೇ. ಪ್ಯಾಪ್ ನೋಡುವುದು ಗರ್ಭಕೋಶದ ಬಾಯಿಯನ್ನು, ಒಳಪದರದ್ದು ಅದರಲ್ಲಿ ತಪ್ಪಿಹೋಗಬಹುದು. ಒಳಗಿನ ಸ್ಕ್ಯಾನ್‌ನಲ್ಲಿ ಪದರದ ದಪ್ಪ ಅಳೆಯುತ್ತಾರೆ. 4 ಮಿಲಿಮೀಟರ್‌ಗಿಂತ ಜಾಸ್ತಿ ಇದ್ದರೆ ತೆಳು ನಳಿಕೆಯಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕಡಿಮೆ ಇದ್ದು ಮತ್ತೆ ರಕ್ತ ಕಂಡರೂ ಬಯಾಪ್ಸಿ ಬೇಕು. ಶುಗರ್ ಇದೆಯಾ? ರಕ್ತ ತೆಳುವಾಗುವ ಮಾತ್ರೆ, ಸ್ತನ ಕ್ಯಾನ್ಸರ್‌ನ ಮಾತ್ರೆ ಟಮೋಕ್ಸಿಫೆನ್ ತಗೊಳ್ತಾರಾ? ಚೀಟಿಗಳನ್ನೆಲ್ಲ ಒಯ್ಯಿರಿ. ಈ ವಾರವೇ.

ಮಂಡ್ಯ: ಲೋಳೆಸರ ಒಳಗೆ ಹಚ್ಚಿದರೆ ಎಲ್ಲ ಶುದ್ಧಿಯಾಗುತ್ತಂತೆ. ಫಾರ್ವರ್ಡ್ ಹಾಕಿದ್ದೀನಿ.

ಡಾಕ್ಟರ್: ಹಚ್ಚಬೇಡಿ. ಮೆಸೇಜ್ ಅಳಿಸಿ. ಎಷ್ಟು ಸಲ ಹೇಳುವುದು? ರಕ್ತ ಹೋಗುತ್ತಿರುವವರು ಇದನ್ನು ನಂಬಿ ತಿಂಗಳುಗಟ್ಟಲೆ ಕಾಯುತ್ತಾರೆ. ಬರುವಾಗ ಕಾಯಿಲೆ ಬಲಿತಿರುತ್ತದೆ.

ಬಳ್ಳಾರಿ: ಮದುವೆಯಾಗದ ಹುಡುಗಿಗೆ ಒಳಗಿನ ಸ್ಕ್ಯಾನ್ ಮಾಡ್ತಾರಾ?

ಮಂಡ್ಯ: ಮದುವೆಗೆ ಮುಂಚೆ ಇದೆಲ್ಲ ಯಾಕೆ?

ಬಳ್ಳಾರಿ: ತಂಗಿ ಪ್ರತಿ ತಿಂಗಳು ಹೊಟ್ಟೆ ಹಿಡ್ಕೊಂಡು ಮಲಗ್ತಾಳೆ, ಅದಕ್ಕೆ.

ಮಂಡ್ಯ: ನಮಗೂ ನೋವಿತ್ತು. ಯಾರೂ ಸ್ಕ್ಯಾನ್ ಅಂತ ಓಡಲಿಲ್ಲ.

ಹಾಸನ: ಗೊತ್ತಿಲ್ಲದಿದ್ದರೆ ಸುಮ್ನಿರಿ.

ಮಂಡ್ಯ: ನೀವ್ಯಾರು ಹೇಳೋಕೆ?

ಡಾಕ್ಟರ್: ಸಾಕು, ಇಬ್ಬರೂ ನಿಲ್ಲಿಸಿ. ಸಂಪರ್ಕ ಆಗಿಲ್ಲದಿದ್ದರೆ ಸಾಮಾನ್ಯವಾಗಿ ಹೊಟ್ಟೆ ಮೇಲಿಂದಲೇ ಮಾಡುತ್ತೇವೆ. ತಂಗಿ ಡಾಕ್ಟರ ಹತ್ತಿರ ಒಬ್ಬಳೇ ಮಾತಾಡಲಿ.



ಗದಗ: ಪ್ಯಾಪ್‌ಗೆ ತಯಾರಿ ಏನು ಮೇಡಂ?

ಡಾಕ್ಟರ್: ಮೇಲೆ ಬರೆದಿದ್ದೇನೆ. ಓದಿ.

ಶಿರಸಿ: ಅಮ್ಮನಿಗೆ ಶುಗರ್ ಇದೆ. ಹಬ್ಬ ಮುಗಿಸಿ ಹೋಗೋಣ ಅಂತಿದ್ದಾರೆ.

ಡಾಕ್ಟರ್: ಬೇಡ. ನಾಳೆಯೇ ಕರ್ಕೊಂಡು ಹೋಗಿ. ರಿಪೋರ್ಟ್ ಇಲ್ಲಿ ಹಾಕಬೇಡಿ, ನನಗೆ ಬೇರೆಯಾಗಿ ಕಳಿಸಿ.