ಅಪ್‌ಡೇಟ್: 50ರೊಳಗೆ ನೋಡಬೇಕಾದ ಊರುಗಳಲ್ಲಿ ಮೊದಲನೆಯದು ಆಯ್ತು

ವಯಸ್ಸು 48, ಭಾನುವಾರ ಮಾತ್ರ ರಜೆ, ಮೈಸೂರಿನಿಂದ ಮೊದಲು ಎಲ್ಲಿಗೆ ಹೋಗಲಿ ಅಂತ ಕೇಳಿದ್ದೆ. ಹಂಪಿ ಆಮೇಲೆ ಇರಲಿ, ಮೊದಲು ಸೋಮನಾಥಪುರ ಅಂದಿರಿ. ಹೋಗಿಬಂದೆವು. ತುಂಬಾ ಥ್ಯಾಂಕ್ಸ್!

ಸುಮಾರು 35 ಕಿ.ಮೀ. ಅಷ್ಟೇ. ಇಷ್ಟು ವರ್ಷ ಯಾಕೆ ಹೋಗಲಿಲ್ಲವೋ! ಅಲ್ಲಿನ ಕೇಶವ ದೇವಸ್ಥಾನದ ಹೊರಗೋಡೆಯ ಒಂದು ವಿಗ್ರಹದ ಕೆಳಗೆ ಬಗ್ಗಿ ನೋಡಿದ ನಮ್ಮನೆಯವರು ನನ್ನನ್ನು ಕರೆದರು. ಪೀಠದಲ್ಲಿ ಹಳೆಯ ಕನ್ನಡ ಅಕ್ಷರ. ಗೈಡ್ ಓದಿ ಹೇಳಿದರು: ಮಲ್ಲಿತಮ್ಮ, ಕೆತ್ತಿದ ಶಿಲ್ಪಿಯ ಹೆಸರು. 13ನೇ ಶತಮಾನದಲ್ಲಿ ಬರೆದಿಟ್ಟ ಹೆಸರು ಇವತ್ತಿಗೂ ಅಲ್ಲೇ ಇದೆ ಅಲ್ವಾ, ಗಂಟಲು ಕಟ್ಟಿತು. ಆ ಅಕ್ಷರಗಳನ್ನು ನೋಡುತ್ತಾ ತುಂಬಾ ಹೊತ್ತು ಅಲ್ಲೇ ಸುಮ್ನೆ ಕೂತಿದ್ದೆ. ಒಳಗೆ ಬಾಳೆಮೊಗ್ಗಿನ ಹಾಗೆ ಇಳಿಬಿದ್ದ ಕಲ್ಲಿನ ಚಾವಣಿಯನ್ನೂ ಮರೆಯದೆ ನೋಡಿ.

ಮುಂದಿನ ಭಾನುವಾರ ತಲಕಾಡು. ಶ್ರವಣಬೆಳಗೊಳದ ಮೆಟ್ಟಿಲು ಹತ್ತಬೇಕಲ್ಲ ಅಂತ ಈಗಿಂದಲೇ ದಿನಾ ನಡೆಯುತ್ತಿದ್ದೇನೆ.