ಸಹಾಯ ಬೇಕು: ಹೆಸರು ಹೇಳದೆ ಲೆಕ್ಕ ಒಪ್ಪಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ನಮ್ಮ ಧರ್ಮಕೇಂದ್ರದಲ್ಲಿ (ಚರ್ಚಿನಲ್ಲಿ) ಬಡವರಿಗೆ ನೆರವಾಗುವ ಕ್ಯಾಥೊಲಿಕ್ ಸಂಘವಾದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಲೆಕ್ಕ ಬರೆಯುವ ಕೆಲಸ ಈ ವರ್ಷ ನನ್ನ ಪಾಲಿಗೆ ಬಂದಿದೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಓಜಾನಾಂ ಎಂಬ ವಿದ್ಯಾರ್ಥಿ ಮತ್ತು ಗೆಳೆಯರು ಕಟ್ಟಿದ ಈ ಸಭೆಯ ಪದ್ಧತಿ ಗೊತ್ತಲ್ಲ: ಇಬ್ಬರು ಕೂಡಿ ಮನೆಗೆ ಹೋಗಬೇಕು, ಕಂಡದ್ದನ್ನು ಹೊರಗೆ ಆಡಬಾರದು. ಮೊನ್ನೆ ಜೋಳ, ತೊಗರಿಬೇಳೆ ಕೊಟ್ಟಾಗ ಒಬ್ಬ ಅಜ್ಜಿ ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಒಳಗೆ ಹೋದರು.

ಈಗ ದಾನಿಯೊಬ್ಬರು ಪಡೆದವರ ಹೆಸರು, ಫೋಟೊ ಕೇಳುತ್ತಿದ್ದಾರೆ. ಹಣ ಅವರದು, ಕೇಳಿದ್ದು ತಪ್ಪೇನಲ್ಲ. ಅಂಗಡಿಯ ರಸೀದಿ ತೋರಿಸಿದೆ, ಒಪ್ಪಲಿಲ್ಲ. ಮನೆಗಳಿಗೆ ನಂಬರ್ ಹಾಕಿ ಪಟ್ಟಿ ಕೊಟ್ಟೆ, "ಈ ಏಳನೆಯ ನಂಬರ್ ಯಾರು?" ಎಂದರು.

ಬೀದರ್, ಯಾದಗಿರಿ ಕಡೆ ಇಂಥ ಲೆಕ್ಕ ಬರೆದವರಿದ್ದರೆ ದಯವಿಟ್ಟು ತಿಳಿಸಿ: ಹೆಸರು ಬಿಟ್ಟುಕೊಡದೆ, ದಾನಿ ಒಪ್ಪುವಂತೆ ನೀವು ಯಾವ ದಾಖಲೆ ಕೊಟ್ಟಿರಿ?