ಬಿಸಿನೆಸ್ ಪ್ರಚಾರಕ್ಕೆ ಪರಿಸರ ಸ್ನೇಹಿ ಮೆಟೀರಿಯಲ್ ಆರಿಸೋದು ಹೇಗೆ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ, ನಂದೊಂದು ಸಣ್ಣ ಬಿಸಿನೆಸ್, ಹೊಸ ಪ್ರಾಡಕ್ಟ್ ಬಿಡ್ತಾ ಇದೀನಿ, ಅದಕ್ಕೆ ಪಾಂಪ್ಲೆಟ್, ವಿಸಿಟಿಂಗ್ ಕಾರ್ಡ್, ಬ್ಯಾನರ್, ಕಸ್ಟಮರ್‌ಗೆ ಕೊಡೋಕೆ ಬ್ಯಾಗು ಎಲ್ಲಾ ಮಾಡಿಸ್ಬೇಕು. ಆದಷ್ಟು ಕಸ ಆಗದ ಹಾಗೆ ಮಾಡಿಸ್ಬೇಕು ಅಂತ ನಿಜವಾಗ್ಲೂ ಆಸೆ ಇದೆ. ಆದ್ರೆ ಒಬ್ರು ಸ್ಟೋನ್ ಪೇಪರ್ ತಗೊಳ್ಳಿ ಮರ ಕಡಿಯೋದೇ ಬೇಡ ಅಂತಾರೆ, ಇನ್ನೊಬ್ರು ನಾನ್ ವೋವನ್ ಬ್ಯಾಗ್ ಬಟ್ಟೆನೇ ಅಂತಾರೆ, ಎಲ್ಲದರ ಮೇಲೂ ಒಂದು ಹಸಿರು ಎಲೆ ಚಿತ್ರ ಇರುತ್ತೆ. ಯಾವುದನ್ನ ನಂಬೋದು ಹೇಳಿ.

ಉತ್ತರ 1 (ಪ್ರಿಂಟಿಂಗ್ ಫೀಲ್ಡಲ್ಲಿ ಇರೋರು):
ಸರ್, ಎಲೆ ಚಿತ್ರ ಬಿಟ್ಬಿಡಿ, ಅದನ್ನ ಯಾರ್ ಬೇಕಾದ್ರೂ ಹಾಕ್ಬೋದು. ಸ್ಟೋನ್ ಪೇಪರ್ ಅಂದ್ರೆ ಹೆಚ್ಚುಕಮ್ಮಿ 80% ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ, ಉಳಿದಿದ್ದು ಪ್ಲಾಸ್ಟಿಕ್. ಮರ ಕಡಿಯೋದಿಲ್ಲ ಅನ್ನೋದು ನಿಜ, ಆದ್ರೆ ಮಾಮೂಲಿ ಪೇಪರ್ ಜೊತೆ ರೀಸೈಕಲ್ ಆಗಲ್ಲ. ಪಾಂಪ್ಲೆಟ್‌ಗೆ ರೀಸೈಕಲ್ಡ್ ಪೇಪರ್ ಸಾಕು, ಎಫ್‌ಎಸ್‌ಸಿ ಗುರುತು (ಕಾಡನ್ನ ಸರಿಯಾಗಿ ನೋಡ್ಕೊಂಡು ಮಾಡಿದ ಪೇಪರ್ ಅಂತ ಫಾರೆಸ್ಟ್ ಸ್ಟೂವರ್ಡ್‌ಶಿಪ್ ಕೌನ್ಸಿಲ್ ಅನ್ನೋ ಸಂಸ್ಥೆ ಕೊಡೋ ಗುರುತು) ಇದ್ರೆ ಅದರಲ್ಲಿ ಏನ್ ಬರ್ದಿದೆ ನೋಡಿ, ಯಾಕಂದ್ರೆ 'ರೀಸೈಕಲ್ಡ್' (ಮರುಬಳಕೆಯದ್ದು), 'ಮಿಕ್ಸ್' (ಬೇರೆ ಬೇರೆ ಮೂಲದ್ದು ಸೇರಿದ್ದು), '100%' (ಪೂರ್ತಿ ಅವರು ಒಪ್ಪಿದ ಕಾಡಿನದ್ದು, ರೀಸೈಕಲ್ಡ್ ಅಲ್ಲ) ಅಂತ ಮೂರು ಥರ ಇದೆ, ಮೂರೂ ಒಂದೇ ಅಲ್ಲ.

ಆದ್ರೆ ನನ್ನ ಪ್ರಕಾರ ಪೇಪರ್‌ಗಿಂತ ದೊಡ್ಡ ಸಮಸ್ಯೆ ಲ್ಯಾಮಿನೇಷನ್. ಎಲ್ರೂ ಒಳ್ಳೇ ಪೇಪರ್ ಆರಿಸ್ತಾರೆ, ಆಮೇಲೆ ಫಿನಿಶಿಂಗ್ ಚೆನ್ನಾಗಿರ್ಲಿ ಅಂತ ಮ್ಯಾಟ್ ಲ್ಯಾಮಿನೇಷನ್ ಮಾಡಿಸ್ತಾರೆ, ಅದು ತೆಳುವಾದ ಪ್ಲಾಸ್ಟಿಕ್ ಫಿಲ್ಮು, ಅಂಟಿಸಿದ್ಮೇಲೆ ಆ ಕಾರ್ಡನ್ನ ರದ್ದಿ ಪೇಪರ್ ಜೊತೆ ಹಾಕಿದ್ರೂ ಮಿಲ್ಲಲ್ಲಿ ಬೇರ್ಪಡಿಸೋದು ಕಷ್ಟ. ಸ್ಯಾಂಪಲ್ ಕೊಟ್ಟಾಗ ಹರಿದು ನೋಡಿ, ಪೇಪರ್ ಹರಿದ್ರೂ ಮೇಲಿನ ಪದರ ಎಳೆದ್ಹಂಗೆ ಜಗ್ತಾ ಇದ್ರೆ ಅದು ಫಿಲ್ಮೇ. ಅದರ ಬದಲು ನೀರಿನ ಆಧಾರದ ಕೋಟಿಂಗ್ ಕೇಳಿ, ಇಲ್ಲಾಂದ್ರೆ ಸ್ವಲ್ಪ ಜಾಸ್ತಿ ಜಿಎಸ್‌ಎಂ (ಪೇಪರ್ ತೂಕದ ಅಳತೆ) ಇರೋ ದಪ್ಪ ಪೇಪರ್ ತಗೊಂಡು ಕೋಟಿಂಗೇ ಇಲ್ಲದೆ ಬಿಡಿ, ಕೈಯಲ್ಲಿ ಹಿಡಿದ್ರೆ ಚೆನ್ನಾಗೇ ಇರುತ್ತೆ.

ಉತ್ತರ 2:
ಬ್ಯಾಗ್ ಬಗ್ಗೆ ಹೇಳ್ತೀನಿ. ನಾನ್ ವೋವನ್ ಬಟ್ಟೆ ಥರ ಕಾಣುತ್ತೆ ಅಷ್ಟೇ, ಅದು ಪಾಲಿಪ್ರೊಪಿಲೀನ್, ಅಪ್ಪಟ ಪ್ಲಾಸ್ಟಿಕ್. ಹಾಗಂತ ಕಾಟನ್ ಬ್ಯಾಗ್ ಮಾಡಿಸಿದ ತಕ್ಷಣ ಪರಿಸರ ಉಳೀತು ಅಂತಾನೂ ಅಲ್ಲ. ಇಂಗ್ಲೆಂಡಿನ ಎನ್ವಿರಾನ್ಮೆಂಟ್ ಏಜೆನ್ಸಿ 2011ರಲ್ಲಿ ಬಿಟ್ಟ ವರದಿ ಪ್ರಕಾರ, ಒಂದೇ ಸಲ ಬಳಸಿ ಎಸೆಯೋ ಮಾಮೂಲಿ ಪ್ಲಾಸ್ಟಿಕ್ ಕವರ್‌ಗಿಂತ ಹವಾಮಾನದ ಮೇಲೆ ಕಮ್ಮಿ ಹೊರೆ ಆಗ್ಬೇಕಂದ್ರೆ ಕಾಟನ್ ಬ್ಯಾಗನ್ನ 131 ಸಲನಾದ್ರೂ ಬಳಸ್ಬೇಕು, ಪಾಲಿಪ್ರೊಪಿಲೀನ್ ಬ್ಯಾಗನ್ನ 11 ಸಲ. ಇದು ಹವಾಮಾನದ ಲೆಕ್ಕ ಮಾತ್ರ, ಚರಂಡಿಗೆ ಸೇರೋ ಪ್ಲಾಸ್ಟಿಕ್ ಕಸದ ಲೆಕ್ಕ ಬೇರೆ. ಅದಕ್ಕೇ ನಿಮ್ಮ ಲೋಗೋನ ಇಡೀ ಬ್ಯಾಗ್ ತುಂಬಾ ದೊಡ್ಡದಾಗಿ ಹಾಕ್ಬೇಡಿ, ಯಾರೂ ಇನ್ನೊಬ್ಬರ ಜಾಹೀರಾತು ಹೊತ್ಕೊಂಡು ತಿರುಗೋಕೆ ಇಷ್ಟ ಪಡಲ್ಲ. ಗಟ್ಟಿ ಹೊಲಿಗೆ, ಉದ್ದ ಹಿಡಿ, ಮೂಲೇಲಿ ಚಿಕ್ಕದಾಗಿ ಹೆಸ್ರು, ಅದನ್ನೂ ಕೇಳಿದವರಿಗೆ ಮಾತ್ರ ಕೊಡಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್, ಲ್ಯಾಮಿನೇಷನ್ ವಿಷ್ಯ ಯಾರೂ ಹೇಳಿರ್ಲಿಲ್ಲ. ಬ್ಯಾನರ್‌ಗೆ ಏನ್ ಮಾಡ್ಲಿ? ಗಿಫ್ಟ್ ಅಂತ ಬಯೋಡಿಗ್ರೇಡಬಲ್ ಪೆನ್ನು, ಬೀಜದ ಪೇಪರ್ ಕಾರ್ಡು (ಒಳಗೆ ಬೀಜ ಇರೋ, ಮಣ್ಣಲ್ಲಿ ನೆಡೋ ಕಾರ್ಡು) ಕೊಡ್ಬೋದಾ?

ಉತ್ತರ 3:
ಫ್ಲೆಕ್ಸ್ ಅಂತೂ ಬೇಡವೇ ಬೇಡ. ಅದು ಪಾಲಿಯೆಸ್ಟರ್ ನೂಲಿನ ಬಲೆ ಮೇಲೆ ಪಿವಿಸಿ ಪ್ಲಾಸ್ಟಿಕ್ ಪದರ, ಎರಡನ್ನೂ ಬಿಡಿಸೋದು ಕಷ್ಟ, ಬಯಲಲ್ಲಿ ಸುಟ್ರೆ ಹೈಡ್ರೋಜನ್ ಕ್ಲೋರೈಡು, ಡಯಾಕ್ಸಿನ್ ಎಲ್ಲಾ ಗಾಳಿಗೆ ಬರುತ್ತೆ. ಕಾಟನ್ ಬಟ್ಟೆ ಬ್ಯಾನರ್ ಮಾಡಿಸಿ, ತಾರೀಖು ಆಫರ್ ಹಾಕ್ದೆ ಹೆಸ್ರು ಮತ್ತೆ ಕೆಲ್ಸ ಏನು ಅಂತ ಮಾತ್ರ ಬರೆಸಿ, ವರ್ಷಗಟ್ಟಲೆ ಅದೇ ಬ್ಯಾನರ್ ನಡೆಯುತ್ತೆ.

ಪೆನ್ನಿಗೆ 'ಬಯೋಡಿಗ್ರೇಡಬಲ್' ಅಂತ ಒಂದೇ ಪದ ಇದ್ರೆ ಏನೂ ಗೊತ್ತಾಗಲ್ಲ, ಎಲ್ಲಿ, ಎಷ್ಟು ದಿನದಲ್ಲಿ ಅಂತ ಕೇಳಿ. ಮೆಕ್ಕೆಜೋಳದಂಥದ್ರಿಂದ ಮಾಡಿದ ಪಿಎಲ್‌ಎ ಪ್ಲಾಸ್ಟಿಕ್ ಕೊಳೆತು ಗೊಬ್ಬರ ಆಗೋಕೆ ಇಂಡಸ್ಟ್ರಿಯಲ್ ಕಾಂಪೋಸ್ಟಿಂಗ್ ಘಟಕದ ಥರ 58-60 ಡಿಗ್ರಿ ಬಿಸಿ ಬೇಕು, ಮನೆ ಹಿಂದಿನ ಗೊಬ್ಬರದ ಗುಂಡೀಲಿ ಹಾಗೇ ಕೂತಿರುತ್ತೆ. 'ಆಕ್ಸೋ' (ಬೇಗ ಒಡೀಲಿ ಅಂತ ಕೆಮಿಕಲ್ ಸೇರಿಸಿದ ಮಾಮೂಲಿ ಪ್ಲಾಸ್ಟಿಕ್) ಅಂತ ಇದ್ರೆ ದೂರ ಇಡಿ, ಅದು ಪುಡಿ ಪುಡಿ ಆಗಿ ಮೈಕ್ರೋಪ್ಲಾಸ್ಟಿಕ್ ಆಗುತ್ತೆ, ಯುರೋಪಿಯನ್ ಯೂನಿಯನ್ 2019ರ ಕಾನೂನಲ್ಲೇ ಅದನ್ನ ನಿಷೇಧ ಮಾಡಿದೆ.

ಉತ್ತರ 4:
ಬೀಜದ ಪೇಪರ್ ನಂಗೂ ಇಷ್ಟನೇ, ಆದ್ರೆ ನಾನು ಉತ್ತರ 2ರವ್ರ ಮಾತಿಗೆ ಬರ್ತೀನಿ, ತಗೊಂಡವರು ನಿಜವಾಗ್ಲೂ ಬಿತ್ತುತಾರಾ ಯೋಚ್ನೆ ಮಾಡಿ. ಕಾರ್ಡು ಪರ್ಸಲ್ಲೇ ಇದ್ದು ಬೀಜ ಹಳೇದಾದ್ರೆ ಮಾಮೂಲಿ ಕಾರ್ಡಿಗಿಂತ ಏನೂ ಹೆಚ್ಚಲ್ಲ. ಯಾವ ಬೀಜ ಅಂತಾನೂ ಕೇಳಿ, ಆ ಜಾಗಕ್ಕೆ ಸಲ್ಲದ ಗಿಡ ಹರಡೋದು ಬೇಡ.

ಪೆನ್ನಂತೂ ಕೈಬಿಡಿ ಅಂತೀನಿ, ಯಾರಿಗೂ ಪೆನ್ನಿಗೆ ಬರ ಇಲ್ಲ. ಮೊದ್ಲು ಕಮ್ಮಿ ಪ್ರಿಂಟ್ ಮಾಡ್ಸಿ, ಸಾಲದೇ ಬಂದ್ರೆ ಇನ್ನೊಂದು ಲಾಟ್ ಹಾಕ್ಸಿ. ಜಾಸ್ತಿ ಮಾಡಿಸಿದ್ರೆ ಒಂದೊಂದಕ್ಕೆ ರೇಟ್ ಇಳಿಯುತ್ತೆ ಅಂತ ಪ್ರಿಂಟರ್ ಹೇಳೇ ಹೇಳ್ತಾರೆ, ಆದ್ರೆ ಫೋನ್ ನಂಬರ್ ಬದಲಾದ ದಿನ ಉಳಿದ ಕಟ್ಟೆಲ್ಲಾ ರದ್ದಿಗೇ ಹೋಗೋದು. ಬದಲಾಗೋ ವಿಷ್ಯ, ಅಂದ್ರೆ ರೇಟು, ಆಫರು, ಇದನ್ನೆಲ್ಲ ಕ್ಯೂಆರ್ ಕೋಡ್ ಹಿಂದೆ ಇಡಿ, ಆ ಲಿಂಕ್ ಆಮೇಲೆ ಬದಲಾಯಿಸೋಕೆ ಬರುತ್ತಾ ಅಂತ ಪ್ರಿಂಟಿಗೆ ಕೊಡೋಕೆ ಮುಂಚೆನೇ ನೋಡ್ಕೊಳ್ಳಿ.